ಗೆಳತಿಯ ಮೆಷಿನ್ ಮೇಲೆ ಕೂತ ಸೂಪರ್‌ವೈಸರ್

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳಲ್ಲಿ ನಾನು ಆ ಕಡೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಬೆಳಗಿನ ಹೊತ್ತು ಮನಃಶಾಸ್ತ್ರದ ತರಗತಿ. ಮನುಷ್ಯ ತಾನು ಯಾರು ಎನ್ನುವುದನ್ನು ಹೇಗೆ ಕಟ್ಟಿಕೊಳ್ಳುತ್ತಾನೆ, ಬದುಕಿನ ಒಂದು ಘಟ್ಟದಿಂದ ಇನ್ನೊಂದಕ್ಕೆ ಹೋಗುವಾಗ ಅದು ಹೇಗೆ ಬದಲಾಗುತ್ತದೆ ಎನ್ನುವುದು ನನ್ನ ಪಾಲಿಗೆ ಬಂದ ಪತ್ರಿಕೆ. ಬೋರ್ಡಿನ ಮೇಲೆ ಒಂದರ ಕೆಳಗೊಂದು ಘಟ್ಟಗಳನ್ನು ಬರೆಯುತ್ತಿದ್ದೆ. ವಿದ್ಯಾರ್ಥಿಗಳು ಅದನ್ನು ಹಾಗೇ ಇಳಿಸಿಕೊಳ್ಳುತ್ತಿದ್ದರು. ಹೊರಗೆ ನೆಲ ಕೊರೆಯುವ ಯಂತ್ರದ ಸದ್ದು ಜೋರಾದಾಗ ನಾನು ಮಾತು ನಿಲ್ಲಿಸುತ್ತಿದ್ದೆ, ಅವರು ಪೆನ್ನು ನಿಲ್ಲಿಸುತ್ತಿದ್ದರು. ಸದ್ದು ತಗ್ಗಿದ ಮೇಲೆ ಪಾಠ ಎಲ್ಲಿಗೆ ಬಂದಿತ್ತು ಎಂದು ನನಗೂ ನೆನಪಿರುತ್ತಿರಲಿಲ್ಲ, ಅವರಿಗೂ ಇರುತ್ತಿರಲಿಲ್ಲ.

ಮಧ್ಯಾಹ್ನ ಬಸ್ಸು ಹಿಡಿದು ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಿದ್ದೆ. ಅದು ನನ್ನ ಪಿಎಚ್.ಡಿ. ಕೆಲಸ. ವರ್ಷಗಟ್ಟಲೆ ಮೆಷಿನ್ ಮುಂದೆ ಕೂತು ಹೊಲಿದ ಹೆಂಗಸರಲ್ಲಿ ಕೆಲವರನ್ನು ಅಲ್ಲಿ ಸೂಪರ್‌ವೈಸರ್ ಮಾಡುತ್ತಿದ್ದರು. ಮೊದಲು ಮೂರು ತಿಂಗಳು ಟ್ರಯಲ್. ಅಷ್ಟರೊಳಗೆ ಬೇಡವೆನಿಸಿದರೆ ಲೈನು ಎನ್ನುವ ತನ್ನ ಹಳೆಯ ಮೆಷಿನ್ ಸಾಲಿಗೆ, ಹಳೆಯ ಮೆಷಿನ್ನಿಗೇ ಹೋಗಿ ಕೂರಬಹುದು. ಮೂರು ತಿಂಗಳು ದಾಟಿದರೆ ಆ ಮೆಷಿನ್ ಬೇರೆಯವರದು. ಟ್ರಯಲ್‌ನಲ್ಲಿರುವವರಿಗೆ ವಾರಕ್ಕೊಂದು ತರಬೇತಿ ಕೊಡಲು ಯಾರಾದರೂ ಬೇಕೆಂದು ಕಾರ್ಖಾನೆಯವರು ಕಾಲೇಜನ್ನು ಕೇಳಿದ್ದರು, ಕಾಲೇಜು ನನ್ನನ್ನು ತೋರಿಸಿತು. ತರಬೇತಿ ಕೊಡುತ್ತೇನೆ, ಬದಲಿಗೆ ಒಪ್ಪಿದವರನ್ನು ಮಾತನಾಡಿಸಲು ಒಂದು ಜಾಗ ಕೊಡಿ ಎಂದೆ. ನಿನ್ನೆಯವರೆಗೆ ಟೈಲರ್ ಆಗಿದ್ದವಳು ಇವತ್ತು ಮೇಡಂ ಆದರೆ ಅವಳೊಳಗೆ ಏನಾಗುತ್ತದೆ? ನನ್ನ ಪ್ರಶ್ನೆ ಅಷ್ಟೇ. ಆಗ ಅದು ಸಣ್ಣ ಪ್ರಶ್ನೆಯಂತೆ ಕಂಡಿತ್ತು.

ಹೆಸರು ಬರೆಯುವುದಿಲ್ಲ ಎಂದು ಅವರಿಗೆಲ್ಲ ಮಾತು ಕೊಟ್ಟಿದ್ದೆ. ಇಲ್ಲೂ ಬರೆಯುವುದಿಲ್ಲ. ಟ್ರಯಲ್‌ನಲ್ಲಿದ್ದ ಒಬ್ಬಳು ಗದಗದ ಕಡೆಯವಳು. ಅವಳನ್ನು ಗದಗಿನಾಕೆ ಎನ್ನುತ್ತೇನೆ. ಅವಳ ಪಕ್ಕದ ಮೆಷಿನ್ನಿನಲ್ಲಿ ವರ್ಷಗಳಿಂದ ಕೂರುತ್ತಿದ್ದ ಗೆಳತಿ ಗುಬ್ಬಿ ಕಡೆಯವಳು, ಅವಳು ಗುಬ್ಬಿಯಾಕೆ. ಬಾಗಲಗುಂಟೆಯ ಒಂದೇ ವಠಾರದಲ್ಲಿ ಇಬ್ಬರದೂ ಎದುರುಬದುರು ಮನೆ. ಉಳಿದವರ ಮಾತುಗಳೆಲ್ಲ ನನ್ನ ಪ್ರಬಂಧದ ಅಧ್ಯಾಯಗಳಲ್ಲಿ ಅಲ್ಲಲ್ಲಿ ಸರಿಯಾಗಿ ಕೂತವು. ಗದಗಿನಾಕೆಯದು ಕೂರಲಿಲ್ಲ. ಕೂರಲಿಲ್ಲವಾದ್ದರಿಂದ ಈಗಲೂ ನೆನಪಾಗುತ್ತದೆಯೋ, ಮತ್ತೆ ಮತ್ತೆ ನೆನಪು ಮಾಡಿಕೊಂಡಿದ್ದರಿಂದ ಈಗ ಹಾಗನ್ನಿಸುತ್ತದೆಯೋ, ಹೇಳಲಾರೆ.

ಮಾತನಾಡಿಸಲು ನನಗೆ ಕೊಟ್ಟ ಜಾಗ, ಕೆಲಸಕ್ಕೆ ಬರುವವರ ಮಕ್ಕಳನ್ನು ನೋಡಿಕೊಳ್ಳುವ ಕೋಣೆ. ಗೋಡೆಯ ಮೇಲೆ ಆನೆ, ಒಂಟೆ, ಬಣ್ಣ ಕಳೆದುಕೊಂಡ ಒಂದು ರೈಲು. ನಾವಿಬ್ಬರೂ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂರುತ್ತಿದ್ದೆವು. ಚಾಪೆಯ ಮೇಲೆ ಮಲಗಿದ ಮಕ್ಕಳು ಏಳಬಾರದೆಂದು ಪಿಸುಮಾತು. ಆಯಾ ಮೂಲೆಯಲ್ಲಿ ತೂಕಡಿಸುತ್ತಿದ್ದಳು. ನನಗೂ ತೂಕಡಿಕೆ ಬರುತ್ತಿತ್ತು, ಬೆಳಗಿನಿಂದ ನಿಂತು ಮಾತಾಡಿ ಗಂಟಲು ಆರಿರುತ್ತಿತ್ತು. ಈಗ ಆ ಧ್ವನಿಮುದ್ರಣಗಳನ್ನು ಕೇಳಿದರೆ ನನ್ನ ಪ್ರಶ್ನೆಗಳ ನಡುವೆ ಆಕಳಿಕೆ ಕೇಳುತ್ತದೆ.

ಕಾಗದ ಪೆನ್ನು ಮುಂದಿಟ್ಟರೆ ಆ ಹೆಂಗಸರು ಹಿಂದೆ ಸರಿಯುತ್ತಿದ್ದರು. ಕಾರ್ಖಾನೆಯಲ್ಲಿ ಕಾಗದ ಎಂದರೆ ಸಹಿ, ಸಹಿ ಎಂದರೆ ಏನೋ ಹೋಗುವುದು. ಅದಕ್ಕಾಗಿ ನಾನು ಬೇರೆ ಉಪಾಯ ಮಾಡಿಕೊಂಡಿದ್ದೆ. ಒಂದು ಉದ್ದದ ದಾರ, ಒಂದು ಡಬ್ಬಿ ತುಂಬ ಬೇರೆ ಬೇರೆ ಗಾತ್ರದ ಗುಂಡಿಗಳು. ದಾರವೇ ಬದುಕು, ದೊಡ್ಡ ಸಂಗತಿಗೆ ದೊಡ್ಡ ಗುಂಡಿ, ಸಣ್ಣದಕ್ಕೆ ಸಣ್ಣದು, ಇಡುತ್ತಾ ಹೇಳಿ ಎನ್ನುತ್ತಿದ್ದೆ.

ಗದಗಿನಾಕೆ ಡಬ್ಬಿಯೊಳಗೆ ಇಣುಕಿ ನಕ್ಕಳು.

“ಇಲ್ಲೂ ಗುಂಡಿನ ಏನ್ರಿ ಮೇಡಂ? ಇಷ್ಟ ವರ್ಷ ಕಾಲರ್ ಹಚ್ಚಿ ಹಚ್ಚಿ ಸಾಕಾಗೇತಿ. ಈಗ ನನ್ನ ಜನ್ಮಕ್ಕ ಗುಂಡಿ ಹಚ್ಚಂತೀರಿ.”

ಆದರೂ ಹಚ್ಚಿದಳು. ಮದುವೆಗೆ ಕೋಟಿನ ಕಪ್ಪು ಗುಂಡಿ. ಗಂಡನ ಜೊತೆ ಬೆಂಗಳೂರಿಗೆ ಬಂದದ್ದಕ್ಕೆ ಅಷ್ಟೇ ದೊಡ್ಡದು ಇನ್ನೊಂದು. ಮಗಳು ಹುಟ್ಟಿದ್ದಕ್ಕೆ ಅಂಗಿಯ ಬಿಳಿ ಗುಂಡಿ, ತೀರಾ ಚಿಕ್ಕದು. ಅದೇಕೆ ಚಿಕ್ಕದು ಎಂದು ಕೇಳಿದೆ.

“ಆವಾಗ ಆಕಿ ಸಣ್ಣಾಕಿ ಇದ್ಲಲ್ರಿ,” ಎಂದಳು, ಇಷ್ಟೂ ತಿಳಿಯದೆ ಎನ್ನುವ ಹಾಗೆ.

ಸೂಪರ್‌ವೈಸರ್ ಆದದ್ದಕ್ಕೆ ಯಾವ ಗುಂಡಿ ಎಂದು ಕೇಳಿದಾಗ ಕೈ ಒರೆಸಿಕೊಂಡು ಕೂತಳು. “ಇನ್ನ ಆಗಿಲ್ಲಲ್ರಿ. ಆದ ಮ್ಯಾಲ ನೋಡೂಣಂತ.”

ಆಕೆ ಈ ಕೆಲಸಕ್ಕೆ ಒಪ್ಪಲು ಕಾರಣ ಭುಜ. ಬಲಗೈ ಮೇಲೆತ್ತಿದರೆ ಕಿವಿಯವರೆಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಕೈಗೆ ಜೀವ ಬರಲು ಬಿಸಿನೀರು ಸುರಿದುಕೊಳ್ಳಬೇಕು. ಇನ್ನು ಮೆಷಿನ್ ಬಿಡಿ ಎಂದು ಡಾಕ್ಟರ್ ಹೇಳಿದ್ದರು. ಬಿಟ್ಟು ಮಾಡುವುದೇನು? ಗಂಡ ಸೆಕ್ಯುರಿಟಿ ಗಾರ್ಡ್, ಮಗಳು ಪಿಯುಸಿ. ನಿಂತು ಮಾಡುವ ಕೆಲಸವೆಂದರೆ ಸೂಪರ್‌ವೈಸರ್ ಕೆಲಸ ಒಂದೇ. ಹಾಗಾಗಿ ಹೂಂ ಎಂದಿದ್ದಳು. ಆ ಹೂಂ ಎನ್ನುವಾಗ ಇನ್ನೊಂದು ಕಡೆ ಏನು ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ನಾನು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೋದದ್ದು ಊಟದ ಸುತ್ತು. ಕೆಳಗಿನ ಹಾಲಿನಲ್ಲಿ ಟೈಲರ್‌ಗಳು ನೆಲದ ಮೇಲೆ ಸುತ್ತಾಗಿ ಕೂತು ಉಣ್ಣುತ್ತಿದ್ದರು. ಸುತ್ತುಗಳು ಖಾಯಂ. ಯಾರ ಸುತ್ತಿನಲ್ಲಿ ಯಾರು ಎನ್ನುವುದು ವರ್ಷಗಳಿಂದ ನಿಂತುಹೋದದ್ದು. ತರಬೇತಿಗೆ ಬೇಗ ಬಂದ ದಿನಗಳಲ್ಲಿ ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಗದಗಿನಾಕೆಯ ಸುತ್ತಿನಲ್ಲಿ ಒಂದು ರೂಢಿಯಿತ್ತು. ಯಾರೂ ಯಾರಿಗೂ ಬಡಿಸುತ್ತಿರಲಿಲ್ಲ, ಬೇಕಾ ಎಂದು ಕೇಳುತ್ತಲೂ ಇರಲಿಲ್ಲ. ಡಬ್ಬಿ ತೆರೆದ ತಕ್ಷಣ ಎಲ್ಲರ ಕೈ ಎಲ್ಲರ ಡಬ್ಬಿಯೊಳಗೆ. ರೊಟ್ಟಿ ಒಬ್ಬಳದು, ಪಲ್ಯ ಇನ್ನೊಬ್ಬಳದು, ತಿನ್ನುವುದು ಮೂರನೆಯವಳು. ಅರ್ಧ ಗಂಟೆ ಬಾಯಿಗೂ ಕೈಗೂ ಬಿಡುವಿರುತ್ತಿರಲಿಲ್ಲ. ಸೂಪರ್‌ವೈಸರ್‌ಗಳಿಗೆ ಮೇಲಿನ ಮಹಡಿಯಲ್ಲಿ ಟೇಬಲ್ಲು ಕುರ್ಚಿ. ಕೆಳಗೆ ಕೂರಬಾರದು ಎಂದು ಯಾರೂ ನಿಯಮ ಮಾಡಿರಲಿಲ್ಲ. ಯಾರೂ ಕೂರುತ್ತಿರಲಿಲ್ಲ, ಅಷ್ಟೇ.

ಗದಗಿನಾಕೆ ಸೂಪರ್‌ವೈಸರ್‌ಗಳ ನೀಲಿ ಕೋಟು ಹಾಕಿಕೊಂಡ ಮೇಲೂ ಕೆಳಗೇ ಕೂತಳು. ನಾನೇನು ಬದಲಾಗಿಲ್ಲ ಎಂದು ತೋರಿಸಬೇಕಿತ್ತು.

ನನ್ನ ತರಬೇತಿಯಲ್ಲಿ ನಾನು ಹೇಳಿಕೊಡುತ್ತಿದ್ದದ್ದು ಕಿರುಚದೆ ತಪ್ಪು ತೋರಿಸುವುದು, ಎಲ್ಲರೆದುರು ಬೈಯದೆ ಪಕ್ಕಕ್ಕೆ ಕರೆದು ಮಾತಾಡುವುದು. ಒಬ್ಬಳು ಟೈಲರ್, ಒಬ್ಬಳು ಸೂಪರ್‌ವೈಸರ್ ಆಗಿ ನಟಿಸಬೇಕು. ಎಲ್ಲರೂ ಟೈಲರ್ ಪಾತ್ರವನ್ನೇ ಕೇಳುತ್ತಿದ್ದರು. ಫ್ಲೋರ್ ಮ್ಯಾನೇಜರ್ ಒಮ್ಮೆ ಬಾಗಿಲಿಗೆ ಒರಗಿ ನಿಂತು ನೋಡಿ, “ಮೇಡಂ, ನೀವ್ ಹೇಳ್ಕೊಟ್ಟಂಗೆ ಇವ್ರು ಪ್ಲೀಸ್ ಪ್ಲೀಸ್ ಅಂತ ನಿಂತ್ಕೊಂಡ್ರೆ ಶಿಪ್‌ಮೆಂಟ್ ನಾನು ತಲೆ ಮೇಲೆ ಹೊತ್ಕೊಂಡ್ ಹೋಗ್ಬೇಕು ಅಷ್ಟೆ,” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಕೆಟ್ಟವನಲ್ಲ, ಅವನ ಕಣ್ಣಿನ ಕೆಳಗೂ ನನ್ನ ಕಣ್ಣಿನ ಕೆಳಗಿನಂಥದೇ ಕಪ್ಪು.

ಎರಡನೆಯ ಸಲ ಗದಗಿನಾಕೆಯನ್ನು ಮಾತನಾಡಿಸಿದ್ದು ಟ್ರಯಲ್ ಅರ್ಧ ಮುಗಿದ ಮೇಲೆ. ಪುಟ್ಟ ಕುರ್ಚಿಯ ಮೇಲೆ ಕೂತವಳು ನಾನು ಕೇಳುವ ಮೊದಲೇ ಗುಬ್ಬಿಯಾಕೆಯ ವಿಷಯ ಶುರು ಮಾಡಿದಳು.

“ಆಕಿಗೆ ಮುಂಜಾನಿಂದ ಹೊಟ್ಟಿನೋವು ಇತ್ರಿ. ಎದ್ದು ಸಂಡಾಸಕ್ಕ ಹೋದ್ಲು. ಇಲ್ಲಿ ನೋಡಿದ್ರ ಬಂಡಲ್ ಮ್ಯಾಲ ಬಂಡಲ್ ಬಂದು ಬೀಳಾಕತ್ತಿದ್ವು. ಆಕಿ ಬರೂತನಕ ನಾಕು ಕಾಲರ್ ಹಚ್ಚಿ ಇಡೂಣು ಅಂತ ಆಕಿ ಮೆಷಿನ್ ಮ್ಯಾಲ ಕುಂತೆ. ವರ್ಷಾನುಗಟ್ಟಲೆ ಹಂಗ ಮಾಡೀವಿ. ಆಕಿ ಹೋದ್ರ ನಾನು, ನಾ ಹೋದ್ರ ಆಕಿ.”

“ಆಮೇಲೆ?”

“ಆಕಿ ಬಂದು ಹಿಂದ ನಿಂತ್ಲು. ಏಳವ್ವಾ ಅನ್ನಲಿಲ್ಲ. ಸುಮ್ನ ನಿಂತ್ಲು. ಇಡೀ ಲೈನು ಮೆಷಿನ್ ಬಂದ್ ಮಾಡಿ ನೋಡಾಕತ್ತಿತ್ತು. ಆವಾಗ ನನಗ ಗೊತ್ತಾತ್ರಿ.”

ನನಗೆ ಗೊತ್ತಾಗಲಿಲ್ಲ. ಆಕೆ ಬಿಡಿಸಿ ಹೇಳಿದಳು. ಆ ಕಾರ್ಖಾನೆಯಲ್ಲಿ ಕೈ ನಿಧಾನವಾದವಳಿಗೆ ಸೂಪರ್‌ವೈಸರ್ ಮಾಡುವ ದೊಡ್ಡ ಅವಮಾನ ಬೈಗುಳವಲ್ಲ. ಅವಳನ್ನು ಎಬ್ಬಿಸಿ, ಅವಳ ಮೆಷಿನ್ ಮೇಲೆ ತಾನು ಕೂತು, ಅವಳ ಕಣ್ಣೆದುರೇ ಸರಸರನೆ ಹೊಲಿದು ತೋರಿಸುವುದು. ಬಟ್ಟೆ ಅದೇ, ಮೆಷಿನ್ ಅದೇ, ಕೆಟ್ಟಿರುವುದು ನಿನ್ನ ಕೈ ಎಂದು ಇಡೀ ಲೈನಿಗೆ ತಿಳಿಯಬೇಕು. ಹಾಗೆ ಎಬ್ಬಿಸಿದ ಮೇಲೆ ಕೆಲಸಕ್ಕೇ ಬರದೆ ಹೋದವರಿದ್ದರು. ಗದಗಿನಾಕೆ ಕೂತದ್ದು ಹಳೆಯ ರೂಢಿಯಲ್ಲಿ, ಗೆಳತಿಯ ಕೆಲಸ ಹಿಂದೆ ಬೀಳಬಾರದು ಎಂದು. ಮೈಮೇಲೆ ನೀಲಿ ಕೋಟಿದೆ ಎನ್ನುವುದು ಅವಳಿಗೆ ಮರೆತುಹೋಗಿತ್ತು. ಲೈನಿಗೆ ಕಂಡದ್ದು ಕೋಟು ಮಾತ್ರ.

“ನಿಮ್ಮ ಗೆಳತಿ ಏನೂ ಅನ್ನಲಿಲ್ಲವಾ?”

“ಅಂದ್ಲಲ್ರಿ.” ಗುಬ್ಬಿ ಕಡೆಯ ಮಾತನ್ನು ಆಕೆ ಹಾಗೇ ಆಡಿ ತೋರಿಸಿದಳು. “‘ಯಾಕ್ ಎದ್ರಿ ಮೇಡಂ, ಒಲೀರಿ. ನಾವೂ ನೋಡ್ಕಂಡು ಕಲ್ತ್ಕತೀವಿ’ ಅಂದ್ಲು. ಅಕ್ಕಾ ಅಕ್ಕಾ ಅಂತಿದ್ದಾಕಿ, ಮೇಡಂ ಅಂದ್ಲು ನೋಡ್ರಿ.”

ಅವತ್ತು ಮಧ್ಯಾಹ್ನವೂ ಆಕೆ ಡಬ್ಬಿ ತೆಗೆದುಕೊಂಡು ಹೋಗಿ ಸುತ್ತಿನಲ್ಲೇ ಕೂತಳು. ಯಾರೂ ಏಳು ಎನ್ನಲಿಲ್ಲ. ಸರಿದು ಜಾಗ ಕೊಟ್ಟರು, ಬೇಕಾದ್ದಕ್ಕಿಂತ ಹೆಚ್ಚು ಜಾಗ. ಆಮೇಲೆ ಗುಬ್ಬಿಯಾಕೆ ತನ್ನ ಡಬ್ಬಿಯ ಮುಚ್ಚಳ ತೆಗೆದು, ಅದರಲ್ಲಿ ಚಮಚದಿಂದ ಬದನೆಕಾಯಿ ಪಲ್ಯ ಹಾಕಿ, ಎಲ್ಲರಿಗಿಂತ ಮೊದಲು ಗದಗಿನಾಕೆಯ ಮುಂದೆ ಸರಿಸಿದಳು. ಉಳಿದವರೂ ಒಬ್ಬೊಬ್ಬರಾಗಿ ಹಾಗೇ ಮಾಡಿದರು. ಅವಳ ಡಬ್ಬಿಯೊಳಗೆ ಯಾರ ಕೈಯೂ ಬರಲಿಲ್ಲ. ರೊಟ್ಟಿ ಹಾಗೇ ಉಳಿಯಿತು.

“ಬೀಗತಿಗೆ ಬಡಿಸಿದಂಗ ಬಡಿಸಿದ್ರು ರೀ,” ಎಂದಳು.

ಮುಂದೆ ಎಷ್ಟೋ ವರ್ಷ ನಾನು ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದ್ದೇನೆ. ನಾವು ಯಾರು ಎನ್ನುವುದು ನಮ್ಮೊಳಗೆ ಮಾತ್ರ ತೀರ್ಮಾನವಾಗುವುದಿಲ್ಲ, ಸುತ್ತ ಕೂತವರ ಕೈಯಲ್ಲೂ ಇರುತ್ತದೆ ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇರಲಿಲ್ಲ. ಪ್ರತಿ ಸಲವೂ, ಇದನ್ನು ಹೇಳುವಾಗ ಆಕೆ ಅತ್ತಳು ಎಂದೇ ಹೇಳುತ್ತಿದ್ದೆ. ವಿದ್ಯಾರ್ಥಿಗಳು ಆಗ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತುತ್ತಿದ್ದರು. ಈಚೆಗೆ ಹಳೆಯ ಧ್ವನಿಮುದ್ರಣವನ್ನು ಕೇಳಿದೆ. ಬೀಗತಿ ಎಂದ ಮೇಲೆ ಆಕೆ ನಗುತ್ತಾಳೆ, ಬಾಯಿಗೆ ಕೈ ಅಡ್ಡ ಹಿಡಿದ ನಗು. ಅಳುವೂ ಇದೆ. ಅದು ಆ ನಗುವಿಗೆ ಎಚ್ಚರಗೊಂಡ ಯಾವುದೋ ಮಗುವಿನದು. ಆಯಾ ಎದ್ದು ಬಂದು ಅದನ್ನು ತಟ್ಟುವ ಸದ್ದೂ ಕೇಳುತ್ತದೆ. ಎರಡನ್ನೂ ನನ್ನ ನೆನಪು ಯಾವಾಗ ಒಂದು ಮಾಡಿತೋ ತಿಳಿಯದು. ನಗುವಿನಲ್ಲಿ ನೋವಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅತ್ತಳು ಎನ್ನಲು ಆಧಾರವಿಲ್ಲ, ಅಷ್ಟೇ.

ಅವಳ ನೆನಪೂ ಅಲುಗುತ್ತಿತ್ತು. ಅವತ್ತು ಮತ್ತೆ ದಾರ ಹಾಸಿ ಗುಂಡಿ ಇಡಲು ಹೇಳಿದೆ. ಮದುವೆಗೆ ಈ ಸಲ ಅಂಗಿಯ ಸಣ್ಣ ಗುಂಡಿ. ಕೋಟಿನ ದೊಡ್ಡ ಗುಂಡಿ ಬಂದು ಕೂತದ್ದು ಮೊದಲ ಸಲ ಬಾಯಿಗೇ ಬರದಿದ್ದ ಒಂದು ದಿನಕ್ಕೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಕಾಲರ್ ತಿರುಗಿಸಲು ಬಾರದೆ ಬಟ್ಟೆ ಹಾಳು ಮಾಡಿ ಕೂತಿದ್ದವಳಿಗೆ ಪಕ್ಕದ ಮೆಷಿನ್‌ನಿಂದ ಕೈ ಚಾಚಿ ಗುಬ್ಬಿಯಾಕೆ ತೋರಿಸಿಕೊಟ್ಟ ದಿನ. ಹೋದ ಸಲ ಇದನ್ನು ಹೇಳಲಿಲ್ಲವಲ್ಲ ಎಂದೆ. “ಹೇಳಿದ್ನಲ್ರಿ,” ಎಂದಳು. ಹೇಳಿರಲಿಲ್ಲ. ಕೈ ತಪ್ಪುತ್ತಿರುವುದು ನೆನಪಿನಲ್ಲಿ ಹಿಂದಕ್ಕೆ ಹೋಗಿ ದೊಡ್ಡದಾಗುತ್ತದೆ ಎಂದು ನಾನು ಟಿಪ್ಪಣಿ ಬರೆದುಕೊಂಡೆ. ಬರೆಯುವಾಗ ಖುಷಿಯಾಗಿತ್ತು. ಬಸ್ಸಿನಲ್ಲಿ ನಿಂತು ಬರುವಾಗ ಆ ಖುಷಿ ಉಳಿದಿರಲಿಲ್ಲ.

ಕೋಣೆಯಿಂದ ಏಳುವ ಮೊದಲು ಆಕೆ ಕೇಳಿದ್ದಳು:

“ನೀವ ಹೇಳ್ರಿ ಮೇಡಂ. ಇದನ್ನ ಬಿಟ್ಟು ವಾಪಸ್ ಮೆಷಿನ್‌ಗೆ ಹೋಗ್ಲೇನು?”

“ನಿಮಗೆ ಏನನ್ನಿಸುತ್ತೆ?”

“ನನಗ ಅನ್ನಿಸೂದು ಗೊತ್ತಿದ್ರ ನಿಮ್ಮನ್ಯಾಕ ಕೇಳ್ತಿದ್ದೆ? ಬರೇ ಕೇಳಾಕ ಪಗಾರ ಕೊಡ್ತಾರೇನ್ರಿ ನಿಮಗ?”

ಹೇಳಬಾರದು ಎನ್ನುವುದು ನಮ್ಮ ಕೆಲಸದ ಶಿಸ್ತು. ವಾಪಸ್ ಹೋದರೆ ಗೆಳತಿ ಸಿಗಬಹುದು, ಭುಜ ಹೋಗುತ್ತದೆ. ಉಳಿದರೆ ಭುಜ ಉಳಿಯಬಹುದು. ಟ್ರಯಲ್ ಮುಗಿಯುವವರೆಗೆ ಆಕೆ ದಿನಾ ಮಧ್ಯಾಹ್ನ ಡಬ್ಬಿ ಹಿಡಿದು ಕೆಳಗಿನ ಹಾಲಿಗೇ ಹೋದಳು. ದಿನಾ ಮುಚ್ಚಳದಲ್ಲಿ ಬಡಿಸಿಕೊಂಡಳು. ಇದನ್ನು ಹಟ ಎನ್ನುವುದೋ ಆಸೆ ಎನ್ನುವುದೋ ನನಗೆ ತಿಳಿಯಲಿಲ್ಲ. ನೋಡಲು ಸುಸ್ತಾಗುತ್ತಿತ್ತು.

ಟ್ರಯಲ್‌ನ ಕೊನೆಯ ವಾರದ ಹಿಂದಿನ ಭಾನುವಾರ ಮನೆಗೆ ಊಟಕ್ಕೆ ಕರೆದಳು. ಬಾಗಲಗುಂಟೆಯ ಆ ವಠಾರದಲ್ಲಿ ಎರಡು ಸಾಲು ಮನೆ, ನಡುವೆ ಕಿರಿದಾದ ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದು ಒಗೆಯುವ ಕಲ್ಲು. ಗಂಡ ಡ್ಯೂಟಿಗೆ ಹೋಗಿದ್ದ, ಮಗಳು ಟ್ಯೂಷನ್ನಿಗೆ. ಹೊಸ್ತಿಲ ಪಕ್ಕ ಸ್ಟವ್ ಮುಂದೆ ಕೂತು ಗದಗಿನಾಕೆ ಎಡಗೈಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕಲ್ಲಿನ ಮೇಲೆ ಗುಬ್ಬಿಯಾಕೆ ಬಟ್ಟೆ ಒಗೆಯುತ್ತಿದ್ದಳು. ಕೈ ಚಾಚಿದರೆ ಮುಟ್ಟುವಷ್ಟು ದೂರ. ನೀರು ಬಂತು, ನೀರು ಹೋಯ್ತು ಎಂಬೆರಡು ಮಾತು ಬಿಟ್ಟರೆ ವಾರಗಳಿಂದ ಅವರ ನಡುವೆ ಮಾತಿಲ್ಲ ಎಂದು ನನಗೆ ಗೊತ್ತಿತ್ತು.

ಗುಬ್ಬಿಯಾಕೆ ನನ್ನನ್ನು ನೋಡಿ ತಾನೇ ಮಾತು ತೆಗೆದಳು. “ಏನ್ ಮೇಡಂ, ನಮ್ ಮೇಡಂಗೆ ಪಾಠ ಇನ್ನೂ ಮುಗೀನಿಲ್ವಾ? ಮನೆಗೂ ಬಂದ್ಬಿಟ್ಟಿದೀರಿ.”

“ಪಾಠ ಅಲ್ಲ, ಊಟಕ್ಕೆ ಬಂದೆ.”

“ಉಣ್ಣಿ ಉಣ್ಣಿ. ಆ ರೊಟ್ಟಿ ಅಂದ್ರೆ ನಮ್ ಲೈನಿಗೆಲ್ಲ ಪ್ರಾಣ. ಈಗ ನಮ್ಗೆಲ್ ಸಿಕ್ತದೆ.”

ಗದಗಿನಾಕೆ ತಲೆ ಎತ್ತದೆ ಹೇಳಿದಳು, “ದಿನಾ ತರ್ತೀನಿ. ಕೈ ಹಾಕಾಕ ಯಾರ ಬ್ಯಾಡಂದಾರ?”

“ದೊಡ್ಡೋರ್ ಡಬ್ಬೀಗೆ ಕೈ ಆಕಾಕಾಯ್ತದಾ?”

“ಮುಗೀತು ಬಿಡವ್ವಾ ದೊಡ್ಡಸ್ತನ. ನಾಳೆ ಹೋಗಿ ಹೇಳಿಬಿಡ್ತೀನಿ. ನನಗ ಈ ಕೆಲಸ ಬ್ಯಾಡ, ನನ್ನ ಮೆಷಿನ್ ನನಗ ಕೊಡ್ರಿ ಅಂತೀನಿ.”

ಗುಬ್ಬಿಯಾಕೆ ಹಿಂಡುತ್ತಿದ್ದ ಲಂಗವನ್ನು ಹಾಗೇ ಹಿಡಿದು ನಿಂತಳು. ನೀರು ಕಾಲಿನ ಮೇಲೆ ಸೋರುತ್ತಿತ್ತು.

“ಉಚ್ಚು ಇಡ್ದದಾ ನಿಂಗೆ? ಆ ಭುಜ ಇಟ್ಕಂಡು? ದಿನಾ ಎಣ್ಣೆ ತಿಕ್ಕಿರೋಳು ನಾನು. ನೋಡಿಲ್ವಾ ನಾನು ನಿನ್ ಅವಸ್ತೆ? ಇನ್ನೊಂದ್ ವರ್ಸ ಒಲುದ್ರೆ ಉಣ್ಣಾಕೂ ಕೈ ಏಳಕಿಲ್ಲ. ಆಮ್ಯಾಕೆ ನೀನ್ ಬಿಟ್ರೆ ನಮ್ಗೆ ಯಾರ್ನ ತಂದಾಕ್ತಾರೆ ಗೊತ್ತಾ? ಆ ಕಫ್ ಲೈನಿನೋಳ್ನ. ಅವ್ಳು ಬಾಯ್ ತೆಗುದ್ರೆ ನಮ್ ಸತ್ತೋರ್ನೂ ಬಿಡಾಕಿಲ್ಲ.”

“ಹಂಗಿದ್ರ ಯಾಕ ಹಂಗ ಬಡಸ್ತೀರಿ ನನಗ? ಹೊರಗಿನಾಕಿಗೆ ಬಡಿಸಿದಂಗ?”

“ಇನ್ನೇನ್ ಮಾಡಾದಕ್ಕ?” ಅಕ್ಕ ಎಂದದ್ದನ್ನು ನಾನು ಗಮನಿಸಿದೆ, ಅವರಿಬ್ಬರೂ ಗಮನಿಸಿದಂತೆ ಕಾಣಲಿಲ್ಲ. “ನಮ್ಗೆ ಸಿಗಾದು ಅರ್ದ ಗಂಟೆ. ಆ ಅರ್ದ ಗಂಟೇಲಿ ಸೂಪರ್‌ವೈಸರ್‌ನ ಬೈದ್ರೇನೇ ಅನ್ನ ಇಳಿಯಾದು. ಇಷ್ಟ್ ವರ್ಸ ನೀನೂ ಬೈಕಂಡೇ ಉಂಡೋಳು. ನೀನ್ ಬೈದಂಗೆ ಯಾರ್ ಬೈತಿದ್ರು? ಈಗ ನೀನೇ ಬಂದು ನಡ್ವೆ ಕುಂತ್ಕಂಡ್ರೆ ನಾವ್ ಯಾರ್ನ ಬೈಯಾನ?”

“ನನ್ನ ಬೈರಿ. ನಾ ಬ್ಯಾಡಂತೀನೇನು?”

“ನಿನ್ ಎದ್ರಿಗಾ? ಬಾಯ್ ಬತ್ತದಾ? ನೀನ್ ಕುಂತಿರ್ತೀಯ, ನಾವು ಬಾಯ್ ಮುಚ್ಕಂಡ್ ಉಣ್ತೀವಿ. ಬಾಯ್ ಮುಚ್ಕಂಡ್ ಉಂಡ್ರೆ ಊಟ ಎಂಗಾಯ್ತದೆ? ಎಲ್ರೂ ನನ್ನೇ ಕೇಳ್ತಾರೆ, ನಿನ್ ಗೆಳ್ತಿ ಇನ್ನಾ ಎಷ್ಟ್ ದಿನ ಬಂದ್ ಕೂರ್ತಾಳೆ ಅಂತ.” ಅವಳು ಲಂಗ ಕೊಡವಿ ತಂತಿಯ ಮೇಲೆ ಹಾಕಿದಳು. “ಮ್ಯಾಕೆ ಓಗಿ ಉಣ್ಣು. ಇದನ್ನ ಬಿಡ್ಬ್ಯಾಡ. ಕೆಳಗ್ ಬರ್ಬ್ಯಾಡ. ಎಲ್ಡೂ ಬೇಕು ಅಂದ್ರೆ ಆಗಾಕಿಲ್ಲ.”

ತವೆಯ ಮೇಲಿನ ರೊಟ್ಟಿ ಸುಡುತ್ತಿತ್ತು. ಗದಗಿನಾಕೆ ಅದನ್ನು ಕೈಯಲ್ಲೇ ತೆಗೆದು ಪಕ್ಕಕ್ಕೆ ಹಾಕಿದಳು. ಮುಂದಿನ ಹಿಟ್ಟಿನ ಉಂಡೆ ತೆಗೆದುಕೊಳ್ಳುತ್ತಾ ಕೇಳಿದಳು:

“ಮೆಷಿನ್ ಮ್ಯಾಲ ಕುಂತಿದ್ದಕ್ಕ ಸಿಟ್ಟು ಐತೇನು ಇನ್ನ?”

“ಐತೆ.”

“ಬೇಕಂತ ಕುಂತಿದ್ದಲ್ಲ ನಾ.”

“ಗೊತ್ತು. ಗೊತ್ತಿದ್ರೂ ಐತೆ. ಓಯ್ತದೆ, ನೋಡಾನ.”

ಗುಬ್ಬಿಯಾಕೆ ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ, ಮತ್ತೆ ಹೊರಗೂ ಬರಲಿಲ್ಲ. ನಾನು ಅವತ್ತು ರೆಕಾರ್ಡರ್ ಒಯ್ದಿರಲಿಲ್ಲ. ಈ ಮಾತುಗಳು ಹೀಗೇ ಇದ್ದವೇ, ಇದೇ ಸರಣಿಯಲ್ಲಿ ಬಂದವೇ, ಖಾತರಿಯಿಲ್ಲ. ಬೈದರೇನೇ ಅನ್ನ ಇಳಿಯುವುದು ಎಂಬುದಂತೂ ನಾನು ಕಟ್ಟಿದ ಮಾತಲ್ಲ. ಅಂಥದ್ದನ್ನು ಕಟ್ಟುವಷ್ಟು ನನಗೆ ಅವರ ಊಟ ಗೊತ್ತಿರಲಿಲ್ಲ. ಗದಗಿನಾಕೆ ನನಗೆ ರೊಟ್ಟಿ ಬಡಿಸಿದಳು. ಇನ್ನೊಂದು ಹಾಕಿಕೊಳ್ಳಿ, ಇನ್ನೊಂದು ಎಂದು ಬಲವಂತ ಮಾಡಿದಳು. ತಾನು ಉಣ್ಣಲಿಲ್ಲ. ಆಮೇಲೆ ಉಣ್ಣುತ್ತೇನೆ ಎಂದಳು.

ಸೋಮವಾರ ಆಕೆ ಮ್ಯಾನೇಜರ್ ಹತ್ತಿರ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಟ್ರಯಲ್ ಮುಗಿಯಿತು. ಏನೂ ಹೇಳದೆ ಇದ್ದದ್ದೇ ಹೂಂ ಎಂದಂತಾಯಿತು. ಅವಳ ಹಳೆಯ ಮೆಷಿನ್ನಿನಲ್ಲಿ ಹೊಸದಾಗಿ ಸೇರಿದ ಒಡಿಶಾದ ಹುಡುಗಿಯನ್ನು ಕೂರಿಸಿದರು. ಕಾಲರ್ ತಿರುಗಿಸುವುದನ್ನು ಅವಳಿಗೆ ಗುಬ್ಬಿಯಾಕೆಯೇ ಕಲಿಸಿದಳಂತೆ. ಭಾಷೆ ಬಾರದ್ದರಿಂದ ಬೈಗುಳವನ್ನೂ ಸೇರಿಸಿ ಕಲಿಸಿದಳು ಎಂದು ಗದಗಿನಾಕೆ ಹೇಳಿ ನಕ್ಕಳು.

ಆ ಹೊತ್ತಿಗೆ ನನ್ನ ಕೆಲಸವೂ ಮುಗಿಯುತ್ತ ಬಂದಿತ್ತು. ಮಾರ್ಗದರ್ಶಕರಿಗೆ ಕರಡು ಕೊಟ್ಟಾಗ ಗದಗಿನಾಕೆಯ ಬಗ್ಗೆ ಅವರು ಕೇಳಿದ್ದು ಒಂದೇ ಮಾತು: ಈ ಮಹಿಳೆ ಹೊಸ ಪಾತ್ರವನ್ನು ಒಪ್ಪಿಕೊಂಡರೋ ಇಲ್ಲವೋ? ನನ್ನ ಕೋಷ್ಟಕದಲ್ಲಿ ಎರಡೇ ಅಂಕಣಗಳಿದ್ದವು. ಒಪ್ಪಿಕೊಂಡರು ಎಂಬುದರಲ್ಲಿ ಹಾಕಿದೆ. ತಪ್ಪಲ್ಲ. ಭುಜ ಸ್ವಲ್ಪ ಸಡಿಲವಾಗಿತ್ತು, ಕೈ ಕಿವಿಯವರೆಗೆ ಬರುತ್ತಿತ್ತು. ಲೈನಿನಲ್ಲಿ ದನಿ ಏರಿಸುವುದನ್ನೂ ಕಲಿತಿದ್ದಳು. ನಾನು ಕಲಿಸಿದ್ದಂತೂ ಅದಲ್ಲ.

ಕೊನೆಯ ಭೇಟಿಗೆ ಹೋದದ್ದು ಊಟದ ಹೊತ್ತಿಗೆ. ಆಕೆ ಈಗ ಉಣ್ಣುತ್ತಿದ್ದದ್ದು ಮೇಲಿನ ಮಹಡಿಯಲ್ಲಿ. ಅಲ್ಲೇ ಮಾತಾಡೋಣ ಎಂದು ನನ್ನನ್ನು ಕರೆದುಕೊಂಡು ಹೊರಟಳು. ಕೆಳಗಿನ ಹಾಲಿನ ಬಾಗಿಲ ಪಕ್ಕದಿಂದಲೇ ಮೆಟ್ಟಿಲು. ಅರ್ಧ ಹತ್ತಿದ್ದೆವು. ಒಳಗಿನಿಂದ ಒಂದು ದನಿ ಕೇಳಿತು, ಗದಗದ ರಾಗವನ್ನು ಎಳೆದೆಳೆದು: “ಏ ಯವ್ವಾ, ಲಗೂ ಲಗೂ ಹಚ್ಚ್ರೆವಾ, ಶಿಪ್‌ಮೆಂಟ್ ನಿಮ್ಮಪ್ಪ ಒಯ್ತಾನೇನು?” ಕೂಡಲೇ ನಗು, ಡಬ್ಬಿಗಳ ಸದ್ದು, ಮತ್ತೆ ನಗು. ಇನ್ನೊಬ್ಬಳು ಅದನ್ನೇ ಇನ್ನೂ ಎಳೆದು ಹೇಳಿದಳು. ಮೊದಲ ದನಿ ಗುಬ್ಬಿಯಾಕೆಯದು.

ಗದಗಿನಾಕೆ ಮೆಟ್ಟಿಲ ಕಂಬಿ ಹಿಡಿದು ನಿಂತಳು. ಆ ಮುಖವನ್ನು ವರ್ಣಿಸಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಒಮ್ಮೆ ಮುಗುಳ್ನಗೆ ಬರೆದೆ, ಒಮ್ಮೆ ತುಟಿ ಕಚ್ಚಿದಳು ಎಂದು ಬರೆದೆ. ಎರಡನ್ನೂ ಹೊಡೆದುಹಾಕಿದೆ. ಆಕೆ ನನಗಿಂತ ಒಂದು ಮೆಟ್ಟಿಲು ಮೇಲಿದ್ದಳು, ನನಗೆ ಕಂಡದ್ದು ಬೆನ್ನು.

“ನಾ ಹಂಗ ಅಂತೀನೇನ್ರಿ?” ಎಂದಳು.

“ಸುಮಾರಾಗಿ ಹಾಗೇ ಅಂತೀರಿ,” ಎಂದೆ.

ಕೆಳಗೆ ಯಾರೋ ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೇಳುತ್ತಿದ್ದರು. ಗದಗಿನಾಕೆ ಅದೂ ಆಗುವವರೆಗೆ ನಿಂತು ಕೇಳಿಸಿಕೊಂಡಳು. ಆಮೇಲೆ ಕಾಲಿನ ಸದ್ದಾಗದಂತೆ ಉಳಿದ ಮೆಟ್ಟಿಲು ಹತ್ತಿದಳು.